ಬಾರದಿದ್ದರೆ ಎಂಬ ಮಾತು

"ಬುದ್ಧಿ, ಶಿವನ ಮನೆಗೇ ಹೊರಟವನು ದಾರಿಗೆ ಇನ್ಶೂರೆನ್ಸ್ ಮಾಡಿಸಬೇಕೋ, ಬೇಡವೋ?"

ಹೀಗೆ ಕೇಳಿದವನು ಷಡಕ್ಷರಪ್ಪ. ಕೊಬ್ಬರಿ ಮಂಡಿಯ ಯಜಮಾನ, ತಂದೆಯ ಕಾಲದಿಂದ ಬೆಟ್ಟದ ಮಠಕ್ಕೆ ನಡೆದುಕೊಳ್ಳುವ ಮನೆತನದವನು. ಬೇಸಗೆ ಕಳೆಯುತ್ತಲೇ ಕೈಲಾಸ ಮಾನಸಸರೋವರದ ಯಾತ್ರೆಗೆ ಹೊರಡುವುದೆಂದು ನಿಶ್ಚಯಿಸಿದ್ದ. ಹೆಂಡತಿಗೆ ಕಾಲುನೋವು, ಏರು ದಾರಿ ಆಗದು. ಹಾಗಾಗಿ ಅವನೊಬ್ಬನೇ ಹೊರಡುವವನು. ಆಶೀರ್ವಾದ ಬೇಡಲು ಗಂಡಹೆಂಡಿರಿಬ್ಬರೂ ಮಠಕ್ಕೆ ಬಂದಿದ್ದರು. ಹೆಂಡತಿ ದಾಕ್ಷಾಯಣಮ್ಮ ಸ್ವಾಮಿಗಳಿಗೆ ನಮಸ್ಕಾರ ಮಾಡಿ ದಾಸೋಹದ ಅಡುಗೆಮನೆಗೆ ಹೋಗಿದ್ದಳು. ಷಡಕ್ಷರಪ್ಪ ಸ್ವಾಮಿಗಳ ಎದುರಿಗೆ ಜಗಲಿಯ ಕೆಳಗೆ ಕೂತಿದ್ದ.

ಸ್ವಾಮಿಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಠದ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ.

"ಇದು ನಿನ್ನ ಪ್ರಶ್ನೆಯೋ, ಟ್ರಾವೆಲ್ಸ್‌ನವರ ಪ್ರಶ್ನೆಯೋ?" ಎಂದರು.

"ಅವರದೇ ಬುದ್ಧಿ. ಅಷ್ಟೆತ್ತರದಲ್ಲಿ ಉಸಿರು ಸಿಗಲ್ಲವಂತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೆಲಿಕಾಪ್ಟರ್ ಕರೆಸಿ ಕೆಳಗಿಳಿಸ್ತಾರಂತೆ. ದಾರಿ ತಪ್ಪಿದ್ರೆ ಹುಡುಕಿಸ್ತಾರಂತೆ. ಇನ್ನೂ ಏನಾದ್ರೂ ಆದ್ರೆ..." ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ದೇಹಾನ ಊರಿಗೆ ತಲುಪಿಸ್ತಾರಂತೆ."

"ಒಳ್ಳೇದೇ ಅಲ್ಲವೇನಪ್ಪ?"

"ಹೊರಡೋಕೆ ಮುಂಚೆ ಅಂಥ ಮಾತು ಆಡಬಹುದಾ ಬುದ್ಧಿ? ನಾಮಿನಿ ಯಾರು ಅಂತ ಕೇಳಿದ್ರು. ಇವಳು ಪಕ್ಕದಲ್ಲೇ ಕೂತಿದ್ಳು. ಇವಳ ಹೆಸರು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದ್ಬಿಟ್ಟೆ."

"ಮಂಡಿಗೆ ವಿಮೆ ಇದೆಯೋ?"

"ಇದೆ ಬುದ್ಧಿ."

"ಲಾರಿಗೆ?"

"ಅದಿಲ್ಲದೆ ರೋಡಿಗೆ ಇಳಿಸೋ ಹಾಗೇ ಇಲ್ಲವಲ್ಲ."

"ಕೊಬ್ಬರಿಗೆ ಬೆಂಕಿ ಬಿದ್ದರೆ ಅಂತ ಹೇಳೋಕೆ ಬಾಯಿ ಬಂತು. ಲಾರಿ ಹಳ್ಳಕ್ಕೆ ಬಿದ್ದರೆ ಅಂತಲೂ ಬಂತು," ಎಂದು ಸ್ವಾಮಿಗಳು ಒಂದು ಬೀಜವನ್ನು ಪಕ್ಕಕ್ಕೆ ಹಾಕಿದರು.

ಷಡಕ್ಷರಪ್ಪ ತಲೆ ತಗ್ಗಿಸಿ ನಕ್ಕ. ಆದರೂ ಅವನ ಮನಸ್ಸು ಬದಲಾಗಲಿಲ್ಲ. ಅವನಿಗೆ ಬೇಕಾಗಿದ್ದುದು ಸ್ವಾಮಿಗಳ ಬಾಯಿಂದ ಒಂದೇ ಒಂದು ಮಾತು. ಶಿವ ಇದ್ದಾನೆ, ಇವೆಲ್ಲ ಯಾಕೆ ಎಂದು ಅವರು ಹೇಳಿಬಿಟ್ಟರೆ ಸಾಕಿತ್ತು. ಆಗ ಅದು ಅವನ ಅಂಜಿಕೆ ಆಗುತ್ತಿರಲಿಲ್ಲ, ಗುರುವಿನ ಅಪ್ಪಣೆ ಆಗುತ್ತಿತ್ತು. ಟ್ರಾವೆಲ್ಸ್‌ನವರ ಎದುರು ತಲೆಯೆತ್ತಿ ಬೇಡ ಎನ್ನಬಹುದಿತ್ತು. ದಾಕ್ಷಾಯಣಮ್ಮ ಬೇಕೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಕಾರಿನಲ್ಲಿ ಬೆಟ್ಟಕ್ಕೆ ಬರುವಾಗಲೂ ಆಕೆ ಮಾತಾಡಿರಲಿಲ್ಲ. ಆ ಸುಮ್ಮನಿರುವಿಕೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಒಂದು ಕತೆ ಹೇಳ್ತೀನಿ, ಕೇಳು," ಎಂದರು ಸ್ವಾಮಿಗಳು.

ಅವರು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಸುಗ್ಗಿ ಮುಗಿದ ಮೇಲೆ ಎತ್ತುಗಳ ಮೇಲೆ ಬಟ್ಟೆ ಹೇರಿಕೊಂಡು ಘಟ್ಟ ಇಳಿದು ಕಡಲ ಕಡೆಯ ಸಂತೆಗಳಿಗೆ ಹೋಗುತ್ತಿದ್ದ. ಯುಗಾದಿಯ ಹೊತ್ತಿಗೆ ಉಪ್ಪು, ಮೆಣಸು ಹೇರಿಕೊಂಡು ಮರಳುತ್ತಿದ್ದ. ದಾರಿ ಕಷ್ಟದ್ದು. ಕಾಡಿತ್ತು, ಹೊಳೆಯಿತ್ತು, ಜ್ವರವಿತ್ತು, ಕಳ್ಳರಿದ್ದರು. ಹೋದವರೆಲ್ಲ ಬರುತ್ತಿರಲಿಲ್ಲ.

ಆ ಪೇಟೆಯಲ್ಲಿ ಹೊಣೆಯವರು ಎಂಬ ಒಂದು ಮನೆತನವಿತ್ತು. ದಾರಿಗೆ ಹೋಗುವವರ ಹೊಣೆ ಹೊರುವುದು ಅವರ ಕಸುಬು. ಕಳ್ಳರನ್ನು ಓಡಿಸುತ್ತೇವೆ ಎಂದು ಅವರು ಹೇಳುತ್ತಿರಲಿಲ್ಲ. ಜ್ವರ ಬಾರದಂತೆ ನೋಡಿಕೊಳ್ಳುತ್ತೇವೆ ಎಂದೂ ಹೇಳುತ್ತಿರಲಿಲ್ಲ. ಬರುತ್ತೇನೆಂದ ಹಬ್ಬಕ್ಕೆ ಮನುಷ್ಯ ಮನೆಗೆ ಬಾರದಿದ್ದರೆ ಹುಡುಕಿಕೊಂಡು ಹೊರಡುವುದು, ಬದುಕಿದ್ದರೆ ಕರೆತರುವುದು, ಇಲ್ಲವಾಗಿದ್ದರೆ ಅವನ ಕಡಗವನ್ನೋ ಕೈಕೋಲನ್ನೋ ತಂದು ಮನೆಯವರ ಮುಂದಿಟ್ಟು ಇಂಥಲ್ಲಿ ಹೀಗಾಯಿತು ಎಂದು ಹೇಳುವುದು. ಅವರು ಕೊಡುತ್ತಿದ್ದ ಮಾತು ಇಷ್ಟೇ. ಈ ಮಾತಿಗೆ ಅವರು ಎಂದೂ ತಪ್ಪಿದವರಲ್ಲ.

ಅದಕ್ಕೆ ತಕ್ಕ ಏರ್ಪಾಡು ಅವರಲ್ಲಿತ್ತು. ಹೊಣೆ ಹೊತ್ತ ದಿನವೇ ದಾರಿಯ ತಂಗುದಾಣಗಳಿಗೆಲ್ಲ ಹೇಳಿ ಕಳಿಸುತ್ತಿದ್ದರು. ಇಂಥವನು ಬರುತ್ತಾನೆ, ಗಲ್ಲದ ಮೇಲೆ ಇಂಥ ಗುರುತಿದೆ, ಎತ್ತಿನ ಕೊಂಬಿಗೆ ಇಂಥ ಬಣ್ಣವಿದೆ, ಯಾವಾಗ ಬಂದ, ಯಾವ ಕಡೆ ಹೊರಟ, ನೋಡಿಟ್ಟುಕೊಳ್ಳಿ ಎಂದು. ಹೀಗಾಗಿ ಅವನು ಎಲ್ಲಿ ಇಳಿದುಕೊಂಡರೂ ಯಾರಾದರೊಬ್ಬರ ಕಣ್ಣು ಅವನ ಮೇಲಿರುತ್ತಿತ್ತು. ಅವನ ದಾರಿಗೆ ಒಂದು ಜಾಡು ಉಳಿಯುತ್ತಿತ್ತು.

ಇದಕ್ಕೆ ಕೊಡಬೇಕಾದದ್ದು ಒಂದು ಪಂಚೆ, ಒಂದು ಮೊರ ಅಕ್ಕಿ. ಅದು ಯಾರಿಗೂ ಹೊರೆಯಲ್ಲ. ಹೊರೆಯಾಗಿದ್ದುದು ಬೇರೆಯೇ. ಹೊಣೆ ಹಿಡಿಸುವವನು ಹೊಣೆಯವರ ಜಗಲಿಯ ಮೇಲೆ ಕೂತು, ತನ್ನ ಮನೆಯ ಹೆಂಗಸಿನ ಎದುರಿಗೆ, ಬಾಯಿಬಿಟ್ಟು ಹೇಳಬೇಕಿತ್ತು: "ನಾನು ಬಾರದಿದ್ದರೆ ನನ್ನನ್ನು ಹುಡುಕಿ." ಅದನ್ನು ಕಿವಿಯಾರೆ ಕೇಳಿದ ಮೇಲೆ ಆ ಹೆಂಗಸು ತನ್ನ ಕೈಯಿಂದಲೇ ಹೊಣೆಯವನಿಗೆ ವೀಳ್ಯ ಕೊಡಬೇಕಿತ್ತು. ಅವಳ ಕೈಯಿಂದ ಬಾರದ ವೀಳ್ಯಕ್ಕೆ ಹೊಣೆ ಕಟ್ಟುತ್ತಿರಲಿಲ್ಲ. ಹೋಗುವವನಿಗೆ ದಾರಿಯ ಚಿಂತೆ. ಹೊಣೆ ಬೇಕಾದದ್ದು ಮನೆಯಲ್ಲಿ ಕೂತು ಕಾಯುವವಳಿಗೆ.

ನಮ್ಮ ಜನ ಹೇಗೆಂದು ನಿನಗೆ ಗೊತ್ತಿದೆ. ಪಕ್ಕದ ಬೀದಿಗೆ ಹೋಗುವಾಗಲೂ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತೇವೆ. ಅಂಥ ಜನಕ್ಕೆ ಇಂಥ ಮಾತು ಬಾಯಲ್ಲಿ ಹೊರಡುವುದು ಸುಲಭವಲ್ಲ.

ವ್ಯಾಪಾರಿಯ ತಾಯಿ ಇದ್ದಷ್ಟು ಕಾಲ ಅವಳೇ ವೀಳ್ಯ ಕೊಡುತ್ತಿದ್ದಳು. ಮುಖ ಬಿಗಿದುಕೊಂಡು ಹೋಗಿ, ಕೂತು, ಕೇಳಿ, ಕೊಟ್ಟು, ಮನೆಗೆ ಬಂದು ಒಲೆ ಹೊತ್ತಿಸುತ್ತಿದ್ದಳು. ಆ ಮಾತನ್ನು ಮತ್ತೆ ಎತ್ತುತ್ತಿರಲಿಲ್ಲ. ತಾಯಿ ತೀರಿಕೊಂಡಳು. ವ್ಯಾಪಾರಿ ಮದುವೆಯಾದ. ಒಂದು ಹೆಣ್ಣು ಕೂಸಾಯಿತು. ಮತ್ತೆ ಸುಗ್ಗಿ ಮುಗಿಯಿತು.

ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ, "ನಾಳೆ ಹೊಣೆಯವರ ಮನೆಗೆ ಹೋಗಿ ಬರೋಣ."

ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು. "ಆ ಮಾತು ನಿಮ್ಮ ಬಾಯಲ್ಲಿ ಬರಬೇಕಾ? ಅದನ್ನ ನಾನು ಕೂತು ಕೇಳಬೇಕಾ? ಕೇಳಿ, ಆಗಲಿ ಅಂತ ನನ್ನ ಕೈಯಾರೆ ಎಲೆ ಅಡಿಕೆ ಕೊಡಬೇಕಾ?"

"ಅಮ್ಮ ಕೊಡ್ತಿದ್ದಳಲ್ಲ."

"ಅತ್ತೆಯ ಗಟ್ಟಿತನ ನನಗಿಲ್ಲ. ನನ್ನ ಕೈಲಾಗಲ್ಲ. ಬೇಡ ಅಂದ್ರೆ ಬೇಡ."

ಅವನು ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಹೆಂಡತಿಗೆ ತನ್ನ ಮೇಲೆ ಇಷ್ಟು ಜೀವವೇ ಎಂದು ಒಳಗೇ ಹಿಗ್ಗಿದ. ಅಲ್ಲದೆ ಆ ಜಗಲಿ, ಆ ಮಾತು, ಅದರ ನಂತರ ದಾರಿಯುದ್ದಕ್ಕೂ ಜೊತೆಗೇ ಬರುತ್ತಿದ್ದ ಆ ಅಂಜಿಕೆ, ಇವು ಅವನಿಗೂ ಬೇಕಿರಲಿಲ್ಲ. ಹೆಂಡತಿ ಬೇಡ ಎಂದಾಗ ಅವನಿಗೆ ತಪ್ಪಿಸಿಕೊಂಡ ಸುಖವಾಯಿತು.

ಕತೆ ಇಲ್ಲಿಗೆ ಬಂದಾಗ ಷಡಕ್ಷರಪ್ಪನಿಗೆ ತಡೆಯಲಾಗಲಿಲ್ಲ. "ಆಕೆ ಹೇಳಿದ್ದರಲ್ಲಿ ತಪ್ಪೇನಿದೆ ಬುದ್ಧಿ? ಯಾವ ಹೆಂಡತಿಗೆ ತಾನೆ ಆ ಮಾತು ಕೇಳೋಕೆ ಆಗುತ್ತೆ?"

"ತಪ್ಪು ಅಂತ ನಾನೆಲ್ಲಿ ಅಂದೆ? ಜೀವ ಇಟ್ಟುಕೊಂಡೋರು ಹಾಗೇ ಹೇಳೋದು," ಎಂದು ಸ್ವಾಮಿಗಳು ಕತೆ ಮುಂದುವರಿಸಿದರು.

ಹೊರಡುವ ಹಿಂದಿನ ದಿನ ಹೊಣೆಯವನು ತಾನಾಗಿ ಬಂದ. ಪಡಸಾಲೆಯಲ್ಲಿ ನಿಂತು, "ಈ ಸಲ ನಿಮ್ಮನೆಯಿಂದ ಯಾರೂ ಬರಲಿಲ್ಲವಲ್ಲ ತಾಯಿ," ಎಂದ.

ಅವಳು ಬಾಗಿಲ ಮರೆಯಿಂದ ಹೇಳಿದಳು, "ದೇವರಿದ್ದಾನೆ, ಬಿಡಿ."

"ದೇವರಿಗೆ ಎಲ್ಲರ ದಾರಿಯೂ ಗೊತ್ತು ತಾಯಿ. ಆದರೆ ಅವನು ಮನೆಬಾಗಿಲಿಗೆ ಬಂದು ಹೇಳೋದಿಲ್ಲ. ಅದಕ್ಕೇ ನಾವಿರೋದು."

ಅವಳು ಒಳಗೆ ಹೋದಳು. ಹೇಳುವುದನ್ನು ಹೇಳಿಯಾಯಿತು ಎಂದು ಅವನೂ ಹೊರಟುಹೋದ. ಮರುದಿನ ಬೆಳಿಗ್ಗೆ ವ್ಯಾಪಾರಿ ಕೂಸಿನ ತಲೆ ನೇವರಿಸಿ, "ಹೋಗಿ ಬರ್ತೀನಿ," ಎಂದ. ಅವಳು, "ಹೋಗಿ ಬನ್ನಿ," ಎಂದಳು. ಶುಭವಾದ ಮಾತುಗಳನ್ನಷ್ಟೇ ಆಡಿ ಅವರು ಬೇರೆಯಾದರು.

ಯುಗಾದಿ ಬಂತು. ಅವನು ಬರಲಿಲ್ಲ.

ಜೊತೆಗೆ ಹೋದವರು ಬಂದರು. ಘಟ್ಟದ ಕೆಳಗಿನ ಹೊಳೆಯವರೆಗೂ ಒಟ್ಟಿಗೇ ಇದ್ದೆವು ಎಂದರು. ಹೊಳೆಯ ಆಚೆ ದಾರಿ ಕವಲೊಡೆಯುತ್ತದೆ. ತೆಂಕಣ ಸಂತೆಯಲ್ಲಿ ಈ ವರ್ಷ ಬಟ್ಟೆಗೆ ಗಿರಾಕಿ ಜಾಸ್ತಿಯಂತೆ, ನೋಡಿಕೊಂಡು ನಿಮ್ಮ ಹಿಂದೆಯೇ ಬರುತ್ತೇನೆ ಎಂದು ಅವನೊಬ್ಬನೇ ತಿರುಗಿದ. ಅಲ್ಲಿಂದಾಚೆಗೆ ನಾವು ಕಾಣೆವು ಎಂದರು.

ಮೊದಮೊದಲು ಎಲ್ಲರೂ ಅವಳಿಗೆ ಕಾರಣ ತಂದುಕೊಟ್ಟರು. ಸರಕು ಮಾರಿರಲಿಕ್ಕಿಲ್ಲ ಎಂದರು. ಎತ್ತು ಕುಂಟಿರಬಹುದು ಎಂದರು. ಮಳೆ ಹಿಡಿದ ಮೇಲೆ, ಘಟ್ಟದ ದಾರಿ ಕಟ್ಟಿದೆ, ಇನ್ನು ಮಳೆ ನಿಂತ ಮೇಲೆಯೇ ಎಂದರು. ಆಮೇಲೆ ಅವರ ಬಳಿ ಕಾರಣ ತೀರಿತು. ಅವಳನ್ನು ಕಂಡರೆ ಬೇರೆ ಬೀದಿ ಹಿಡಿದರು.

ಅವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊಣೆಯವನ ಮನೆಗೆ ಹೋದಳು. ಪಂಚೆ ಒಯ್ದಳು, ಅಕ್ಕಿ ಒಯ್ದಳು. ಎಲೆ ಅಡಿಕೆಯನ್ನು ಕೈಯಲ್ಲಿ ಹಿಡಿದು ಚಾಚಿದಳು. "ಅಣ್ಣಾ, ಈಗ ತಗೊಳ್ಳಿ. ಆ ಮಾತು ಬೇಕಿದ್ರೆ ಅವರ ಬದಲು ನಾನೇ ಹೇಳ್ತೀನಿ."

ಅವನು ಕೈ ಚಾಚಲಿಲ್ಲ. "ಈಗ ಇದನ್ನ ತಗೊಂಡು ನಾನೇನು ಮಾಡಲಿ ತಾಯಿ? ಆವತ್ತೇ ಹೇಳಿದ್ದಿದ್ರೆ ದಾರಿಯ ಜನರ ಕಣ್ಣೆಲ್ಲ ಅವರ ಮೇಲಿರ್ತಿತ್ತು. ಈಗ ಯಾರನ್ನ ಕೇಳಲಿ?" ಎಂದ. ಅವಳು ಚಾಚಿದ ಕೈ ಹಿಂದೆಗೆಯಲಿಲ್ಲ. ಅವನು ಕೊನೆಗೆ ಹೇಳಿದ, "ಇದು ಹೊಣೆ ಅಲ್ಲ. ಸುಮ್ಮನೆ ಹೋಗಿ ನೋಡಿ ಬರ್ತೀನಿ. ಎಲೆ ಅಡಿಕೆ ಮನೆಗೆ ತಗೊಂಡು ಹೋಗಿ."

ಮಳೆ ನಿಂತ ಮೇಲೆ ಅವನು ಹೋದ. ಒಳ್ಳೆಯ ಮನುಷ್ಯ. ಕಾಲು ಸವೆಯುವಷ್ಟು ಅಲೆದ. ತಂಗುದಾಣಗಳಲ್ಲಿ ಕೇಳಿದ. ಬಟ್ಟೆ ವ್ಯಾಪಾರಿಗಳು ದಿನಾ ಬಂದು ಹೋಗುತ್ತಾರೆ, ನೀನು ಹೇಳಿ ಕಳಿಸಿದ್ದರೆ ನೋಡಿಟ್ಟುಕೊಳ್ಳುತ್ತಿದ್ದೆವು, ಈಗ ಯಾರನ್ನೆಂದು ಹೇಳೋಣ ಎಂದರು ಅವರು. ಒಂದು ಹಾಳು ಮಂಟಪದ ಹತ್ತಿರ, ಜ್ವರ ಬಂದು ಸತ್ತ ದಾರಿಹೋಕನೊಬ್ಬನನ್ನು ಊರವರೇ ಮಣ್ಣು ಮಾಡಿದರು ಎಂಬ ಮಾತು ಸಿಕ್ಕಿತು. ಎಲ್ಲಿ ಎಂದು ಕೇಳಿದರೆ, ಆ ದಂಡೆಯನ್ನೇ ಹೊಳೆ ಕೊಚ್ಚಿಕೊಂಡು ಹೋಗಿತ್ತು. ಕಡಲ ದಂಡೆಯ ಒಬ್ಬ ಮುದುಕಿ, ಅಂಥವನೊಬ್ಬ ಹಡಗು ಹತ್ತಿದ್ದನ್ನು ಕಂಡೆ ಎಂದಳು. ಅವಳಿಗೆ ಕಣ್ಣು ಮಂಜು.

ಇವಿಷ್ಟನ್ನು ಅವನು ದೀಪಾವಳಿಯ ಹೊತ್ತಿಗೆ ಬಂದು ಅವಳಿಗೆ ಹೇಳಿದ. ಇನ್ನೊಂದು ಮಾತೂ ಸಿಕ್ಕಿತ್ತು. ಅದನ್ನು ಹೇಳಲಿಲ್ಲ. ಆದರೆ ಅಂಥ ಮಾತು ನಿಲ್ಲುವುದುಂಟೇ? ಬೇರೆಯವರ ಬಾಯಿಂದ ಬಂದು ಅವಳ ಕಿವಿಗೆ ಬಿತ್ತು. ದೂರದ ಒಂದು ಪೇಟೆಯಲ್ಲಿ ಅವನ ಹಾಗೆ ಕಾಣುವವನೊಬ್ಬ ಬೇರೊಬ್ಬಳನ್ನು ಕಟ್ಟಿಕೊಂಡು ಅಂಗಡಿ ಇಟ್ಟಿದ್ದಾನಂತೆ.

ಒಮ್ಮೊಮ್ಮೆ ಅವಳಿಗೆ ಈ ಕೊನೆಯ ಸುದ್ದಿಯೇ ಹಿತವಾಯಿತು. ಯಾರ ಜೊತೆಯಾದರೂ ಇರಲಿ, ಬದುಕಿರಲಿ ಎಂದುಕೊಂಡಳು. ಮರುದಿನ ಅದನ್ನೇ ನೆನೆದು ಮೈ ಉರಿಯಿತು. ಇದಕ್ಕಿಂತ ಮಂಟಪದ ಜ್ವರವೇ ವಾಸಿ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ತಲೆ ಚಚ್ಚಿಕೊಂಡು ಅತ್ತಳು. ಗಂಡ ಸತ್ತವಳು ಒಂದು ಸಲ ಅತ್ತು ಏಳುತ್ತಾಳೆ. ಗಂಡ ಬಿಟ್ಟವಳು ಬೈದು ಏಳುತ್ತಾಳೆ. ಇವಳಿಗೆ ಅಳಬೇಕೋ ಬೈಯಬೇಕೋ ಎಂಬುದೇ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ಹಣೆಗೆ ಕುಂಕುಮ ಇಡುತ್ತಿದ್ದಳು, ಒರೆಸುತ್ತಿದ್ದಳು, ಮತ್ತೆ ಇಡುತ್ತಿದ್ದಳು. ಅವನು ಇಲ್ಲವಾಗಿದ್ದರೆ ಇಟ್ಟದ್ದು ತಪ್ಪು, ಇದ್ದರೆ ಇಡದಿದ್ದದ್ದು ತಪ್ಪು.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಲೆ ಹಾಕಿ ಎಡೆ ಇಡುವ ದಿನ. ಮಾವನಿಗೊಂದು ಎಲೆ, ಅತ್ತೆಗೊಂದು ಎಲೆ ಹಾಕಿದರು. ಮೈದುನನ ಹೆಂಡತಿ ಮೂರನೆಯ ಎಲೆ ಹಿಡಿದು ನಿಂತಳು. ಕೆಟ್ಟ ಮನಸ್ಸಿನವಳೇನಲ್ಲ. ಮೆಲ್ಲಗೆ ಕೇಳಿದಳು, "ಅಕ್ಕಾ, ಭಾವನೋರಿಗೆ ಎಡೆ ಇಡೋದೋ, ಬೇಡವೋ?"

ಅವಳು ಎಲೆಯನ್ನು ಕಿತ್ತುಕೊಂಡು ಹಿತ್ತಲಿಗೆ ಎಸೆದಳು. ಆ ದಿನ ಊಟ ಮಾಡಲಿಲ್ಲ. ಅವನು ಸತ್ತೇ ಇದ್ದರೆ ಇಂದು ಹಸಿದು ಬಂದು ಬಾಗಿಲಲ್ಲಿ ನಿಂತಿರುತ್ತಾನೆ ಎಂದು ಸಂಜೆಗೆ ಹೊಳೆಯಿತು. ಹಿತ್ತಲಿಗೆ ಹೋಗಿ ಅದೇ ಎಲೆಯನ್ನು ಹುಡುಕಿ ತಂದು, ತೊಳೆದು, ಅನ್ನ ಇಟ್ಟಳು. ಇಟ್ಟವಳೇ, ಅಯ್ಯೋ ಬದುಕಿರುವವನಿಗೆ ಇಟ್ಟೆನಲ್ಲ ಎಂದು ಮತ್ತೆ ತೆಗೆದಳು. ವರ್ಷವರ್ಷವೂ ಅಮಾವಾಸ್ಯೆ ಅವಳಿಗೆ ಹೀಗೇ ಕಳೆಯಿತು.

ಷಡಕ್ಷರಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಅವನ ಮನೆಯಲ್ಲೂ ಆ ಹಬ್ಬವಿತ್ತು. ಎಡೆಯ ಎಲೆಗಳನ್ನು ದಾಕ್ಷಾಯಣಮ್ಮನೇ ಹಾಕುತ್ತಿದ್ದಳು. ಅವನಿಗೆ ಕತೆ ಬೇಗ ಮುಗಿಯಲಿ ಎನ್ನಿಸಿತು. ಸ್ವಾಮಿಗಳಿಗೆ ಅವಸರವಿರಲಿಲ್ಲ.

ಮುತ್ತೈದೆಯರನ್ನು ಕರೆಯುವ ಮನೆಯವರು ಅವಳನ್ನು ಕರೆಯಲೂ ಹಿಂಜರಿದರು, ಬಿಡಲೂ ಹಿಂಜರಿದರು. ಹೋದ ಕಡೆ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತ ಬರುತ್ತ ಅವಳ ಮುಂದೆ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಗಳಿಗೆಗೆ ಹೆದರಿ ಅವಳು ಹೋಗುವುದನ್ನೇ ಬಿಟ್ಟಳು. ಮನೆತನದ ಬಟ್ಟೆ ಅಂಗಡಿಯಲ್ಲಿ ಅವಳ ಪಾಲನ್ನು ಮೈದುನ ಕೊಡಲಿಲ್ಲ. ಅಣ್ಣ ಬರಲಿ, ಪಾಲು ಮಾಡಿಕೊಳ್ಳೋಣ ಎಂದ. ಅದು ಮೋಸವೂ ಅಲ್ಲ, ನ್ಯಾಯವೂ ಅಲ್ಲ. ಅವನ ಮನೆಯಲ್ಲೇ ಒಂದು ಮೂಲೆಯಲ್ಲಿ ಅವಳು ಬೇಯಿಸಿಕೊಂಡು ತಿಂದಳು.

ಮಗಳು ಮದುವೆಯ ವಯಸ್ಸಿಗೆ ಬಂದಳು. ಅನುಕೂಲವಾದ ಮನೆತನದಿಂದ ಕೇಳಿಕೊಂಡು ಬಂದರು. ಹುಡುಗಿ ಒಪ್ಪಿಗೆಯಾಯಿತು. ಹುಡುಗನ ತಂದೆ ಒಂದೇ ಮಾತು ಕೇಳಿದ. "ಹುಡುಗಿಯ ತಂದೆ ಇದ್ದಾರೋ, ಇಲ್ಲವೋ? ಇಲ್ಲ ಅಂದ್ರೆ ಚಿಕ್ಕಪ್ಪ ಧಾರೆ ಎರೀಲಿ, ನಮಗೆ ಅಡ್ಡಿಯಿಲ್ಲ. ಇದ್ದಾರೆ ಅಂದ್ರೆ ಅವರೇ ಬರಲಿ. ಎರಡರಲ್ಲಿ ಒಂದು ಹೇಳಿ." ಅವಳಿಗೆ ಎರಡರಲ್ಲಿ ಒಂದನ್ನೂ ಹೇಳಲಾಗಲಿಲ್ಲ. ಅವರು ಎಲೆ ಅಡಿಕೆ ತೆಗೆದುಕೊಂಡು ಎದ್ದುಹೋದರು.

ಆಗ ಹಿರಿಯರು ಕೂತು ಯೋಚಿಸಿದರು. ಬಹುಕಾಲ ಸುದ್ದಿಯಿಲ್ಲದವನ ಹೆಸರಿನಲ್ಲಿ ಹುಲ್ಲಿನ ಬೊಂಬೆ ಮಾಡಿ, ಬೆಂಕಿ ಕೊಟ್ಟು, ಅವನು ಇನ್ನಿಲ್ಲವೆಂದು ಭಾವಿಸಿ ಕರ್ಮ ಮುಗಿಸುವ ಕ್ರಮವಿದೆ. ಹಾಗೆ ಮಾಡಿದರೆ ಮಗಳ ದಾರಿ ತೆರೆಯುತ್ತದೆ, ನಿನಗೂ ನಿನ್ನ ಪಾಲು ಬರುತ್ತದೆ ಎಂದು ಅವಳಿಗೆ ಹೇಳಿದರು. ಅವಳು ಒಪ್ಪಿದಳು. ಹೊಳೆಯ ದಂಡೆಗೆ ತಾನೇ ನಡೆದು ಬಂದಳು. ಬೊಂಬೆಗೆ ಅವನದೇ ಹಳೆಯ ಪಂಚೆ ಉಡಿಸಿದ್ದರು. ಮೈದುನ ಕೊಳ್ಳಿ ಹಿಡಿದು ಬಗ್ಗಿದ.

"ತಡೀರಿ," ಎಂದಳು ಅವಳು. "ಇವತ್ತೇ ಬಂದ್ರೆ?"

"ಬದುಕಿದ್ರೆ? ಬದುಕಿರೋರಿಗೆ ನಾನೇ ನಿಂತು ಬೆಂಕಿ ಇಡಿಸಿದ ಹಾಗಲ್ಲವಾ?" ಎಂದು ಅವಳು ಬೊಂಬೆಗೆ ಅಡ್ಡ ಕೂತಳು. ಎಬ್ಬಿಸಲು ಎಷ್ಟು ಹೇಳಿದರೂ ಏಳಲಿಲ್ಲ. ಮೈದುನ ಬೇಸತ್ತು ಕೊಳ್ಳಿಯನ್ನು ನೀರಿಗೆ ಎಸೆದ. ಜನ ಒಬ್ಬೊಬ್ಬರೇ ಮನೆಗೆ ಹೊರಟರು. ಮಗಳು ಮಾತ್ರ ನಿಂತಿದ್ದಳು.

"ಅವ್ವಾ," ಎಂದಳು ಮಗಳು, "ಅಪ್ಪ ಹೊರಡುವಾಗ ಆ ಮಾತು ಕೇಳೋಕಾಗಲ್ಲ ಅಂದೆಯಂತೆ. ಇವತ್ತು ಇದನ್ನ ನೋಡೋಕಾಗಲ್ಲ ಅಂತೀಯ. ನಿನಗೆ ಆಗದ್ದನ್ನೆಲ್ಲ ನಾನು ಅನುಭವಿಸಬೇಕಾ?"

ಎರಡು ವರ್ಷ ಕಳೆದ ಮೇಲೆ ಯಾವ ಪ್ರಶ್ನೆಯನ್ನೂ ಕೇಳದ ಒಬ್ಬ ಎರಡನೆಯ ಸಂಬಂಧದವನಿಗೆ ಮಗಳನ್ನು ಕೊಟ್ಟರು. ವಯಸ್ಸಾದವನು, ದೂರದವನು. ಮಗಳು ಹೋದಳು. ತವರಿಗೆಂದು ಮತ್ತೆ ಬರಲಿಲ್ಲ.

ಅವಳು ಮುದುಕಿಯಾದಳು, ತೀರಿಕೊಂಡಳು. ಅಂಗಳದಲ್ಲಿ ಹೆಂಗಸರು ಸೇರಿದರು. ಒಬ್ಬಳು ಹಸಿರು ಬಳೆ, ಹೂವು, ಕುಂಕುಮ ತಂದಳು. ಇನ್ನೊಬ್ಬಳು ಅವಳ ಕೈ ಹಿಡಿದಳು. ಮುತ್ತೈದೆಯಾಗಿ ಕಳಿಸುವುದೋ, ಹಾಗೇ ಕಳಿಸುವುದೋ ಎಂದು ಮಾತು ಬೆಳೆಯಿತು. ಒಬ್ಬರು ಹೌದೆಂದರೆ ಮತ್ತೊಬ್ಬರು ಅಲ್ಲವೆಂದರು. ಬಿಸಿಲು ಏರಿತು. ಬದುಕಿದ್ದಾಗ ಕಾದವಳು ಸತ್ತ ಮೇಲೂ ಅಂಗಳದಲ್ಲಿ ಕಾದಳು. ಕೊನೆಗೆ ಹೆಣ ಕೆಡುತ್ತದೆ ಎಂದು ಯಾರೋ ಗದರಿಸಿದರು. ಯಾವುದನ್ನೂ ನಿರ್ಧರಿಸದೆ ಎತ್ತಿಕೊಂಡು ಹೋದರು.

ಸ್ವಾಮಿಗಳು ಇಷ್ಟು ಹೇಳಿ ಇನ್ನೊಂದು ಹುಣಸೆಹಣ್ಣನ್ನು ಕೈಗೆ ತೆಗೆದುಕೊಂಡರು.

ಷಡಕ್ಷರಪ್ಪ ಕಾದ. ಸ್ವಾಮಿಗಳು ಮುಂದೆ ಹೇಳಲಿಲ್ಲ. ಅವನೇ ಕೇಳಿದ, "ಆಮೇಲೆ ಬುದ್ಧಿ?"

"ಆಮೇಲೇನಿದೆ? ಆಯಿತಲ್ಲ."

"ಆ ವ್ಯಾಪಾರಿ ಏನಾದ?"

"ಗೊತ್ತಿಲ್ಲಪ್ಪ."

"ಮಂಟಪದ ಹತ್ತಿರ ಸತ್ತವನು ಅವನೇ ಇರಬೇಕು. ಅಲ್ಲವಾ?" ಎಂದ ಷಡಕ್ಷರಪ್ಪ. ಸ್ವಾಮಿಗಳು ಹೌದೆನ್ನಲಿಲ್ಲ. "ಅಥವಾ ಅಂಗಡಿ ಇಟ್ಟವನಾ? ಹಾಗಿದ್ರೆ ಅವನಿಗೆ ಒಂದು ದಿನವಾದ್ರೂ ಕೂಸಿನ ನೆನಪು ಬರಲಿಲ್ಲವಾ?" ಸ್ವಾಮಿಗಳು ಅಲ್ಲವೆಂದೂ ಅನ್ನಲಿಲ್ಲ. ಅವನಿಗೆ ಸಣ್ಣಗೆ ಸಿಟ್ಟು ಬಂತು. ಗುರುವಿನ ಎದುರಿಗೆ ಕೂತಿದ್ದೇನೆಂಬುದೂ ಮರೆಯಿತು. "ಕತೆ ಹೇಳಿದೋರಿಗೆ ಗೊತ್ತಿಲ್ಲ ಅಂದ್ರೆ ಹೇಗೆ ಬುದ್ಧಿ? ಬದುಕಿದ್ದನೋ ಸತ್ತನೋ ಅಷ್ಟನ್ನಾದ್ರೂ ಹೇಳಿ. ಇದನ್ನ ಹೀಗೇ ತಲೇಲಿಟ್ಟುಕೊಂಡು ಹೋದ್ರೆ ಇವತ್ತು ರಾತ್ರಿ ನನಗೆ ನಿದ್ದೆ ಬರೋದಿಲ್ಲ."

ದಾಕ್ಷಾಯಣಮ್ಮ ಅಡುಗೆಮನೆಯಿಂದ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಷಡಕ್ಷರಪ್ಪನಿಗೆ ತಿಳಿಯದು. ಅವಳ ಕಣ್ಣು ಗಂಡನ ಮೇಲಿತ್ತು. ಸ್ವಾಮಿಗಳು ಅವಳನ್ನು ನೋಡಿದರು. ಆಮೇಲೆ ಅವನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು:

"ಈ ಪ್ರಶ್ನೆ ಇಟ್ಟುಕೊಂಡು ನೀನು ಒಂದು ರಾತ್ರಿ ಕಳೆಯಲಾರೆ, ಬಾಳೆಲ್ಲ ಇಟ್ಟುಕೊಂಡಿರು ಅಂತ ಇದನ್ನ ದಾಕ್ಷಾಯಣಮ್ಮನ ಕೈಗೆ ಕೊಟ್ಟು ಹೋಗ್ತೀಯೇನಪ್ಪ?"